ಹೊಲದ ನಡುವೆ ನಿಂತ ಸಿವುಡು

ಕೊಯ್ಲಾದ ಹೊಲದಲ್ಲಿ ಬಿದ್ದುಳಿದ ತೆನೆ ಆರಿಸುವುದನ್ನು ನಾವು ಹಕ್ಕಲಾಯುವುದು ಎನ್ನುತ್ತೇವೆ. ಇಂಗ್ಲೆಂಡಿನ ಸಫೋಕ್ ಸೀಮೆಯಲ್ಲಿ ಅದಕ್ಕೆ ‘ಗ್ಲೀನ್’ ಎಂಬ ಹಳೆಯ ಕ್ರಿಯಾಪದವಿತ್ತು. ಅದು ಫ್ರೆಂಚ್ ಧಣಿಗಳ ಜೊತೆ ಸಮುದ್ರ ದಾಟಿ ಬಂದ ಮಾತು ಎಂದು ಊರಿನ ಪಾದ್ರಿ ಹೇಳುತ್ತಿದ್ದರು. ಪೇಟೆಯವರು ಸುದ್ದಿ ಹೆಕ್ಕುವುದಕ್ಕೂ ಅದನ್ನೇ ಬಳಸುತ್ತಿದ್ದರು. ವಿಧವೆ ಕೆಜಾಯಾ ಪೆಟಿಟ್‌ಗೆ ಮಾತ್ರ ಅದು ಚಳಿಗಾಲದ ರೊಟ್ಟಿ.

ವಿಕ್ಟೋರಿಯಾ ರಾಣಿಯ ಕಾಲವದು. ಕೊಯ್ಲಿನ ಗಾಡಿಯವರು ಹೊಲದ ನಡುವೆ ಒಂದು ಸಿವುಡು, ಎಂದರೆ ತೆನೆಯ ಕಟ್ಟು, ಬಿಟ್ಟುಹೋಗುವರು. ಅದಕ್ಕೆ ಪೊಲೀಸಪ್ಪನೆಂದು ಹೆಸರು. ಧಣಿ ಅದನ್ನು ತೆಗೆಸುವವರೆಗೆ ಯಾರೂ ಒಳಗೆ ಕಾಲಿಡುವಂತಿಲ್ಲ. ತೆಗೆಸಿದ ಮೇಲೆ, ಹಕ್ಕಲಾಯುವ ಹೆಂಗಸರು ತಮ್ಮೊಳಗೇ ಆರಿಸಿಕೊಂಡ ‘ರಾಣಿ’ ಅಪ್ಪಣೆ ಕೊಡಬೇಕು. ಬಹಳ ವರ್ಷಗಳಿಂದ ಕೆಜಾಯಾಳೇ ಆ ರಾಣಿ.

ಆ ವರ್ಷ ಹೊಲ ಹೊಸಬ ಗ್ಯಾರಡನ ಕೈಗೆ ಬಂದಿತ್ತು. ಫಸಲೆಲ್ಲ ಗಾಡಿಯೇರಿ ಹೋದರೂ ಸಿವುಡು ನಿಂತೇ ಇತ್ತು. ಹೆಂಗಸರು ದಿನವೂ ಬೇಲಿಯ ಬಳಿ ಕಾದು ಹಿಂತಿರುಗುತ್ತಿದ್ದರು.

“ಏನ್ ಮಹಾರಾಣಿ, ಪೊಲೀಸಪ್ಪನ್ನ ಮದುವೆ ಆಗೋ ಯೋಚನೆನಾ?” ಎಂದಳು ನೆರೆಮನೆಯ ಟ್ಯಾಬಿತಾ. “ಮೋಡ ನೋಡೇ. ನುಗ್ಗೋಣ ನಡಿ.”

“ಅವ್ನು ನಿಂತಿರೋವಾಗ ನುಗ್ಗಿದ್ರೆ ಕಳ್ಳತನ ಆಗ್ತದೆ ಕಣೆ.”

“ಹಂಗಾದ್ರೆ ಹೋಗಿ ಧಣೀನ ಕೇಳು.”

“ಕೇಳಿದ್ರೆ ಭಿಕ್ಷೆ ಆಗ್ತದೆ. ನಮ್ಮಮ್ಮ ಯಾವತ್ತಾದ್ರೂ ಕೇಳಿದ್ಲಾ? ಇದು ನಮ್ಗೆ ಸಲ್ಲಬೇಕಾದ್ದು.”

ಟ್ಯಾಬಿತಾ ಗೊಣಗಿದಳು, ಆದರೆ ರಾಣಿಯ ಮಾತು ಮೀರಲಿಲ್ಲ.

ಮಳೆ ಹಿಡಿಯಿತು. ಬಿಟ್ಟೂಬಿಡದೆ ಸುರಿದು ನಿಂತಾಗ ನೆಲದ ತೆನೆಗಳಲ್ಲಿ ಹಸಿರು ಮೊಳಕೆ ಒಡೆದಿತ್ತು. ಕೆಜಾಯಾ ಕೊನೆಗೂ ಗ್ಯಾರಡನ ಅಂಗಳಕ್ಕೆ ಹೋದಳು.

“ಧಣೀ, ಆ ಸಿವುಡು...”

“ಅದಾ? ಗಾಡಿಯವರು ಮರೆತು ಬಿಟ್ಟಿದ್ದಾರೆ ಅಂದ್ಕೊಂಡೆ,” ಎಂದ ಆತ. “ನಮ್ಮ ಕಡೆ ಇಂಥದ್ದೇನಿಲ್ಲ. ನೀವು ಯಾರೂ ಒಳಗೆ ಬರಲಿಲ್ಲ, ನಿಮಗೆ ಬೇಡವೇನೋ ಅಂತ ಸುಮ್ಮನಾದೆ. ಒಂದು ಮಾತು ಕೇಳಬಾರದಿತ್ತೇನಮ್ಮ?”

ಅವನ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಅವಳಿಗೆ ಬೈಯಲಾದರೂ ಒಂದು ನೆಪ ಸಿಗುತ್ತಿತ್ತು.

ಅಂದೇ ಆತ ಸಿವುಡು ತೆಗೆಸಿದ, ಆದರೆ ಆಯ್ದದ್ದು ಕೋಳಿಗಷ್ಟೇ ಸಾಕಾಯಿತು. ಯಾರೂ ಅವಳನ್ನು ಬೈಯಲಿಲ್ಲ. ಟ್ಯಾಬಿತಾ ತಮಾಷೆಯನ್ನೂ ಮಾಡಲಿಲ್ಲ.

ಕ್ರಿಸ್ಮಸ್ಸಿಗೆ ಮೊದಲು, ಚರ್ಚಿನ ಬಾಗಿಲಲ್ಲಿ ಬಡವರಿಗೆ ರೊಟ್ಟಿ ಹಂಚುವ ಸಾಲಿನಲ್ಲಿ ಕೆಜಾಯಾ ತಲೆ ತಗ್ಗಿಸಿ ಕೊನೆಯಲ್ಲಿ ನಿಂತಳು. ಅವಳ ಸರದಿ ಬಂದಾಗ ಪಾದ್ರಿ, “ಎಷ್ಟು ಬೇಕಮ್ಮ?” ಎಂದರು.

ಕೆಜಾಯಾ ಒಂದು ಹೆಜ್ಜೆ ಹಿಂದೆ ಸರಿದಳು. ಮುಂದಿದ್ದ ಟ್ಯಾಬಿತಾ ಹಿಂತಿರುಗಿ ಬಂದು ಅವಳ ಪರವಾಗಿ ರೊಟ್ಟಿ ಕೇಳಿದಳು.