ಬಾಯವ್ವನ ಸಮುದ್ರದ ಬಾಟಲಿ

ಮಗಳು ನೀರಿಗೆ ಇಳಿದುಬಿಟ್ಟಿದ್ದರೆ? ಈ ಒಂದು ಯೋಚನೆ ರಾಜೇಶ್ವರಿಯನ್ನು ಬೆಳಗಿನಿಂದ ಬಿಟ್ಟಿರಲಿಲ್ಲ. ಐದು ವರ್ಷದ ಮಧು ಅಜ್ಜಿಯ ಜೊತೆ ಕಾರವಾರಕ್ಕೆ ಹೋಗಿದ್ದಳು. ಇವಳು ಬೈಲಹೊಂಗಲದ ಮನೆಯಲ್ಲಿ ಎರಡು ತಿಂಗಳ ಕೂಸನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಯ ಫೋನಿನವರೆಗೆ ಹೋಗುತ್ತಿದ್ದಳು, ಮುಟ್ಟದೆ ತಿರುಗಿ ಬರುತ್ತಿದ್ದಳು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತವಳು. ಜ್ವರಕ್ಕೆ ಥರ್ಮಾಮೀಟರು, ಭೇದಿಗೆ ಕುದಿಸಿ ಆರಿಸಿದ ನೀರು, ಎಲ್ಲದಕ್ಕೂ ಒಂದು ಉಪಾಯ ಇದೆ ಎಂದು ನಂಬಿದವಳು. ಈ ಚಿಂತೆಗೆ ಮಾತ್ರ ಉಪಾಯ ತೋಚಲಿಲ್ಲ. ಏಕೆಂದರೆ ಅದಕ್ಕೆ ಕಾರಣಳಾದವಳು ತಾನೇ.

ಅತ್ತೆ ಬಾಯವ್ವನ ತವರು ಚಚಡಿ. ಅರಮನೆಯಂಥ ವಾಡೆಯ ಹಿಂದಿನ ಓಣಿಯಲ್ಲಿ ಬೆಳೆದಾಕೆ ಕೆರೆಗಿಂತ ದೊಡ್ಡ ನೀರನ್ನು ಕಂಡಿರಲಿಲ್ಲ. ಬೈಲಹೊಂಗಲದ ಉಪ್ಪಿನವರ ಮನೆಗೆ ಸೊಸೆಯಾಗಿ ಬಂದಳು. ಗಂಡ ಮಲಕಾಜಪ್ಪ ಕರಾವಳಿಯಿಂದ ಲಾರಿಯಲ್ಲಿ ಹರಳುಪ್ಪು ತರಿಸಿ, ಸಂಪಗಾಂವದ ತನಕ ಚಕ್ಕಡಿ ಹೊಡೆದುಕೊಂಡು ಹೋಗಿ ಮಾರುತ್ತಿದ್ದ. ಅವನು ತೀರಿದ ಮೇಲೆ, ಮಗ ಸಚಿನನನ್ನು ಕಾಲ ಮೇಲೆ ಮಲಗಿಸಿಕೊಂಡು ಬಾಯವ್ವನೇ ಸೇರು ಹಿಡಿದು ಕೂತಳು. ಪಾಕೀಟಿನ ಉಪ್ಪು ಬಂದು ವ್ಯಾಪಾರ ನಿಲ್ಲುವವರೆಗೂ ಏಳಲಿಲ್ಲ.

ಆದರೆ ಓಣಿಯವರಿಗೆ ಆಕೆ ಬೇಕಾದದ್ದು ಉಪ್ಪಿಗಲ್ಲ. ವರ್ಷಕ್ಕೊಮ್ಮೆ, ಪುಷ್ಯದ ಅವರಾತ್ರಿ ಅಮಾವಾಸ್ಯೆಗೆ, ಹೆಂಗಸರನ್ನೆಲ್ಲ ಒಂದು ಟ್ರ್ಯಾಕ್ಸ್ ಗಾಡಿಯಲ್ಲಿ ತುಂಬಿಕೊಂಡು ಸಮುದ್ರ ಸ್ನಾನಕ್ಕೆ ಕರೆದೊಯ್ಯುವವಳು ಆಕೆಯೇ. ಕಾರವಾರ ಆಕೆಗೆ ಸ್ವಂತ ಹಿತ್ತಲಿದ್ದಂತೆ. ರೊಟ್ಟಿ ಗಂಟು ಯಾವ ಗಾಳಿಗಿಡದ ನೆರಳಲ್ಲಿ ಬಿಚ್ಚಬೇಕು, ಯಾವ ದೋಣಿಯವನು ಅಲುಗಾಡಿಸದೆ ತಿರುಗಾಡಿಸುತ್ತಾನೆ, ದಂಡೆಯ ಮೇಲೆ ಉತ್ಸವದ ಮಂಟಪ ಹಾಕಿದ್ದರೆ ಹಾಡು ಕೇಳಲು ಎಲ್ಲಿ ಕೂಡಬೇಕು, ಎಲ್ಲ ಆಕೆ ಹೇಳಿದ ಹಾಗೆ. ಮೀನು ಪೇಟೆಯನ್ನೂ ಬಿಡುತ್ತಿರಲಿಲ್ಲ. "ಬೇಕಾದ್ರ ಮೂಗ ಮುಚ್ಚಿಕೊಂಡು ನೋಡ್ರಿ. ಬರೇ ನೋಡಿದ್ರ ಜಾತಿ ಹೋಗೂದಿಲ್ಲ" ಎಂದು ನಗಿಸುತ್ತಿದ್ದಳು. ದೋಣಿಯಲ್ಲಿ ಕಿರುಚಿದವರಿಗೆ, "ಗಪ್ಪ ಕುಂದರ್ರಿ. ನಿಮ್ಮ ಗಂಡಂದ್ರು ಮನ್ಯಾಗ ಆರಾಮ ಅದಾರ, ನೀವು ಹೋದ್ರ ಅಳಾವ್ರು ಯಾರೂ ಇಲ್ಲ!"

ನಗದೆ ಹೇಳುತ್ತಿದ್ದ ಮಾತು ಒಂದೇ. ಸಮುದ್ರದಿಂದ ಯಾರೂ ಒಂದು ಕಪ್ಪೆಚಿಪ್ಪನ್ನೂ ತರಬಾರದು. ಆಕೆ ಮಾತ್ರ ಒಂದು ಬಾಟಲಿ ನೀರು ತರುತ್ತಿದ್ದಳು. ವರ್ಷವಿಡೀ ಅದು ದೇವರ ಗೂಡಿನಲ್ಲಿ ಇರುತ್ತಿತ್ತು. ಮರುವರ್ಷ ಅದೇ ನೀರನ್ನು ಸಮುದ್ರಕ್ಕೆ ತಿರುಗಿ ಸುರುವಿದ ಮೇಲೆಯೇ ಜನ ಕಾಲಿಡಬೇಕು.

ಇದೆಲ್ಲ ರಾಜೇಶ್ವರಿಗೆ ಗೊತ್ತಿರಲಿಲ್ಲ. ಹೊಳೆ, ಬಾವಿ ಎಂದರೂ ಹೆದರುವವಳು ಒಮ್ಮೆಯೂ ಜೊತೆಗೆ ಹೋಗಿರಲಿಲ್ಲ. ಹೆಂಗಸರ ಟ್ರಿಪ್ ಎಂದುಕೊಂಡು ಕೇಳಿಯೂ ಇರಲಿಲ್ಲ. ವಾರದ ಹಿಂದೆ ನರ್ಸಬಾಯಿ ಬಂದವಳು, ಬಾಣಂತಿ ಮನೆಯಲ್ಲಿ ನಿಂತ ನೀರು ಇಡಬೇಡಿ, ಸೊಳ್ಳೆ ಆಗುತ್ತವೆ ಎಂದು ಹೇಳಿ ಹೋದಳು. ಅಂದೇ ರಾಜೇಶ್ವರಿ ಮನೆಯೆಲ್ಲ ಹುಡುಕಿದಳು. ದೇವರ ಗೂಡಿನಲ್ಲಿ, ಪಟಗಳ ಹಿಂದೆ, ಕೆಂಪು ಅರಿವೆಯಲ್ಲಿ ಸುತ್ತಿದ್ದ ಹಸಿರು ಬಾಟಲಿ ಸಿಕ್ಕಿತು. ನೀರನ್ನು ಬಚ್ಚಲಿಗೆ ಸುರುವಿದಳು. ತುಟಿಗೆ ಸಿಡಿದ ಹನಿ ಉಪ್ಪಾಗಿತ್ತು.

ಆಮೇಲೆ ಯೋಚನೆ ಬಂತು. ಅತ್ತೆಯ ಕಾಲುನೋವಿನ ಔಷಧವಾಗಿದ್ದರೆ? ನಳದ ನೀರು ತುಂಬಿ, ಪಾಕೀಟಿನ ಉಪ್ಪು ಒಂದು ಹಿಡಿ ಹಾಕಿ, ಚೆನ್ನಾಗಿ ಅಲ್ಲಾಡಿಸಿ, ಇದ್ದ ಹಾಗೆಯೇ ಸುತ್ತಿಟ್ಟಳು. ಉಪ್ಪು ಕರಗಿತು. ಕೆಲಸ ಮುಗಿಯಿತು ಎಂದುಕೊಂಡಳು.

ನಿನ್ನೆ ಸಂಜೆ ಗಾಡಿ ಹೊರಡುವಾಗ ಬಾಯವ್ವ ಅದೇ ಬಾಟಲಿಯನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಮಧು ಕೈ ಬೀಸುತ್ತಿದ್ದಳು. ಗಾಡಿ ಹೊಡೆಯುವವನು ಪಕ್ಕದ ಮನೆಯ ಜುಬೇದಾಬಿಯ ಮಗ ಅತೀಕ. ಧೂಳು ಇಳಿದ ಮೇಲೆ ಜುಬೇದಾಬಿ ಕಟ್ಟೆಗೆ ಕೂತು ಎಲೆ ಮಡಿಚುತ್ತಾ ಹೇಳಿದಳು:

"ಆ ಬಾಟಲಿ ನೋಡಿದಿ ಏನ್ ತಂಗಿ? ನಿಮ್ಮ ಮಾವ ಹೋದದ್ದು ಅದರ ಸಲುವಾಗೇ."

"ಮಾವನವ್ರು ಈಜಾಕ ಹೋಗಿ ಮುಳುಗಿದ್ರಂತಲ್ರಿ, ಜುಬೇದಕ್ಕಾ?"

"ಈಜೂದು ಎಲ್ಲಿಂದ ಬಂತು! ಮೊಣಕಾಲ ಮಟ್ಟ ನೀರು. ಆ ವರ್ಷ ಬಾಟಲಿ ದಾರ್ಯಾಗ ಸೋರಿತ್ತಂತ. ಮಲಕಾಜಪ್ಪ ಯಾವುದೋ ಬಾವ್ಯಾಗಿನ ನೀರು ತುಂಬಿದ. 'ಸಮುದ್ರಕ್ಕೇನು ತಿಳೀತೈತಿ' ಅಂತ ನಕ್ಕೋತ ಸುರುವಿದ. ನಿಮ್ಮತ್ತಿ ದಂಡ್ಯಾಗ ರೊಟ್ಟಿ ಗಂಟು ಬಿಚ್ಚಾಕತ್ತಿದ್ಲು. ತಲಿ ಎತ್ತಿ ನೋಡತಾಳ, ನೀರ ಮ್ಯಾಲೆ ಬರೇ ಅವನ ತಲಿ ಪಟಗಾ ತೇಲಾಕತ್ತಿತ್ತು."

"ಇದೆಲ್ಲಾ ಖರೇ ಏನ್ರಿ?"

"ನನಗೇನ್ ಗೊತ್ತವ್ವಾ. ನಮ್ಮ ಅತೀಕ ಈಜಾಕ ಬರಾಂವ. ಅವನೂ ಆಕಿ ಬಾಟಲಿ ಸುರುವೂತನಕ ನೀರಾಗ ಕಾಲ ಇಡೂದಿಲ್ಲ."

ಆಗಲೇ ಹೇಳಬಹುದಿತ್ತು. ಕೂಸಿಗೆ ಹಾಲಿನ ಹೊತ್ತೆಂದು ಎದ್ದು ಒಳಗೆ ಬಂದಳು. ಇಂದು ಬೆಳಿಗ್ಗೆ ಕಿತ್ತೂರಿನಿಂದ, ತಾನು ಕೆಲಸ ಮಾಡುವ ಹೈವೇ ಮೇಲಿನ ಪೆಟ್ರೋಲ್ ಪಂಪಿನಿಂದ, ಗಂಡ ಸಚಿನ ಫೋನ್ ಮಾಡಿದಾಗ ಅಳುಕುತ್ತಲೇ ಎಲ್ಲ ಹೇಳಿದಳು. ಅವನು ನಕ್ಕ. "ಕಾನ್ವೆಂಟ್ ಕಲ್ತಾಕಿ ನೀ! ನಮ್ಮವ್ವನಕಿಂತ ಹೆಚ್ಚ ಆದಿ ನೋಡು. ಸುಮ್ನ ಮಲ್ಕೋ."

ಮಲಗಬಹುದಿತ್ತು, ಬಚ್ಚಲ ಗೋಡೆ ಇಲ್ಲದಿದ್ದರೆ.

ನೀರು ಸುರುವಿದ ಮರುದಿನ ಮೋರಿಯ ಹತ್ತಿರ ಒಂದು ಬಿಳಿ ಗೆರೆ ಕಂಡಿತ್ತು. ಸಾಬೂನಿನ ನೊರೆ ಎಂದು ತಿಕ್ಕಿದಳು. ಮತ್ತೆ ಬಂತು, ಹಿಂದಿನದಕ್ಕಿಂತ ಮೇಲೆ. ಹಳೆಯ ಗೋಡೆ, ಉಪ್ಪಿನ ಚೀಲ ಒಟ್ಟುತ್ತಿದ್ದ ಮನೆ, ಇಷ್ಟು ಬಿಳುಪು ಏಳುವುದು ಸಹಜ ಎಂದು ಸಚಿನ ಹೇಳಿದ್ದ. ಆದರೆ ಗೋಡೆಯ ಉಪ್ಪು ಅಲ್ಲೊಂದು ಇಲ್ಲೊಂದು ಏಳುತ್ತದೆ. ಇದು ಬಚ್ಚಲ ಸುತ್ತ ಒಂದೇ ಮಟ್ಟಕ್ಕೆ, ದಾರ ಹಿಡಿದು ಎಳೆದಂತೆ ಇತ್ತು. ನಿನ್ನೆ ಮೊಣಕಾಲಿನ ಎತ್ತರ, ಇಂದು ಸೊಂಟದ ಎತ್ತರ. ಬೆರಳಿಂದ ಮುಟ್ಟಿದರೆ ಹಸಿ. ಎಂದೂ ಮೀನು ಬಾರದ ಮನೆಯಲ್ಲಿ ಮೀನಿನ ವಾಸನೆ. ಬಚ್ಚಲ ಕದ ಎಳೆದು ಚಿಲಕ ಹಾಕಿದಳು. ಕೂಸು ಕದದ ಕಡೆಗೇ ಮುಖ ತಿರುಗಿಸಿ ಕಣ್ಣು ಬಿಟ್ಟುಕೊಂಡಿತ್ತು.

ಹೊತ್ತು ನೆತ್ತಿಗೆ ಬರುತ್ತಿತ್ತು. ಬಾಯವ್ವ ನೀರು ಸುರುವುವುದು ಅದೇ ಹೊತ್ತಿಗೆ ಎಂದು ಜುಬೇದಾಬಿ ಹೇಳಿದ್ದಳು. ಓಣಿಯಲ್ಲಿ ನಾಯಿಯೂ ಇರಲಿಲ್ಲ. ರಾಜೇಶ್ವರಿ ಕ್ಯಾಲೆಂಡರಿನ ಮೂಲೆಯಲ್ಲಿ ಗೀಚಿದ್ದ ಅತೀಕನ ಮೊಬೈಲ್ ನಂಬರನ್ನು ನೋಡಿದಳು. ಅತ್ತೆ ಬೈಯಲಿ, ಗಂಡ ನಗಲಿ. ಫೋನ್ ಎತ್ತಿದಳು. ಮೊದಲ ಸಲ ಹತ್ತಲಿಲ್ಲ. ಮತ್ತೆ ತಿರುಗಿಸಿದಳು.

"ಅತೀಕ! ಮಧು ಎಲ್ಲಿ ಅದಾಳ?"

"ಇಲ್ಲೇ ಅದಾಳ್ರಿ ವೈನಿ. ಯಾರೂ ನೀರಾಗ ಇಳದಿಲ್ಲ. ಬಾಯವ್ವಾರು ಬಾಟಲಿ ಹಿಡಕೊಂಡು ಸುಮ್ನ ಕುಂತಬಿಟ್ಟಾರ. ಸುರುವವಲ್ರು. ಮಂದಿ ವಟವಟ ಅನ್ನಾಕತ್ತಾರ. ತಡೀರಿ, ಕೊಡತೇನಿ."

"ಅತ್ತಿಯವರ, ಅದನ್ನ ಸುರುವಬ್ಯಾಡ್ರಿ! ಅದು ನಳದ ನೀರು. ನಾನಽ ಉಪ್ಪು ಹಾಕೇನಿ. ನನಗ ಗೊತ್ತಿರಲಿಲ್ರಿ..." ಅಳು ಬಂತು.

ಫೋನಿನಲ್ಲಿ ಅಲೆಯೊಂದು ಬಂದು, ನಿಂತು, ಹಿಂದೆ ಸರಿಯಿತು.

"ದಂಡಿ ಹತ್ತರ ಬಂದಕೂಡ್ಲೆ ಬಾಟಲಿ ಬೆಚ್ಚಗ ಆಗತಿತ್ತು ಪ್ರತಿ ವರ್ಷ," ಎಂದಳು ಬಾಯವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. "ಈ ಸಲ ತಣ್ಣಗ ಐತಿ. ಅದಕ್ಕಽ ಕುಂತೆ. ಹಳೇದು ಎಲ್ಲಿ ಸುರುವಿದಿ?"

"ಬಚ್ಚಲಕ್ಕ."

"ಕೂಸು?"

"ಹೆಗಲ ಮ್ಯಾಲೆ ಐತ್ರಿ."

"ಕೆಳಗ ಇಳಸಬ್ಯಾಡ. ಜುಬೇದಾನ ಮನಿಗೆ ನಡಿ. ನಾ ಬರೂತನಕ ಬಚ್ಚಲ ಕದಾ ತಗೀಬ್ಯಾಡ. ನಾವು ಇಲ್ಲಿ ಕಾಲ ತೊಯ್ಸೂದಿಲ್ಲ, ಈಗಽ ಹೊಂಡತೇವಿ." ಆಕೆ ನಡೆಯುತ್ತಾ ಮಾತಾಡುತ್ತಿದ್ದಳು. ಯಾರನ್ನೋ ಕರೆದಳು, ಮಧು ಏನೋ ರಗಳೆ ಮಾಡಿದಳು, ಗಾಡಿಯ ಬಾಗಿಲುಗಳು ದಪ್ಪನೆ ಮುಚ್ಚಿಕೊಂಡವು. "ಮಧು ನನ್ನ ತೊಡಿ ಮ್ಯಾಲೆ ಅದಾಳ. ಕೇಳಸ್ತೇನು?"

"ಅಲಿ ಸಪ್ಪಳ ಭಾಳ ಐತ್ರಿ ಅತ್ತಿಯವರ. ಸರಿಯಾಗಿ ಕೇಳವಲ್ದು."



"ಗಾಡಿ ಡಾಂಬರ ರೋಡಿಗೆ ಬಂದೈತಿ, ಯವ್ವಾ. ಕಿಟಕಿ ಕಾಜು ಏರಸೇವಿ. ಇಲ್ಲಿ ಸಪ್ಪಳ ಇಲ್ಲ."

ರಾಜೇಶ್ವರಿ ರಿಸೀವರನ್ನು ಕಿವಿಯಿಂದ ಸರಿಸಿದಳು. ಸಪ್ಪಳ ನಿಲ್ಲಲಿಲ್ಲ.