ಫಕೀರಪ್ಪ ಕಟ್ಟಿದ ಹಗ್ಗ

ಆ ಹಗ್ಗ ಬಿಗಿದವನು ನಾನು. ಫಕೀರಪ್ಪನಲ್ಲ. ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ — ಈಗ ಹೇಳಿದ್ದಾಗಿದೆ, ಎದೆ ಹಗುರಾಗಿದೆ.

ನಾನು ಚಿಕ್ಕೇರೂರಿನವ, ಅವನು ಹತ್ತಿಮತ್ತೂರಿನವ. ಕಾರವಾರದ ಕಡೆ ಒಬ್ಬ ಗುತ್ತಿಗೆದಾರನ ಕೈಕೆಳಗೆ ಒಟ್ಟಿಗೆ ದುಡಿಯುತ್ತಿದ್ದೆವು. ನಡುಸಮುದ್ರದಲ್ಲಿ ಹಡಗೊಂದರಿಂದ ಎಣ್ಣೆ ಸೋರಿ ದಂಡೆಯತ್ತ ಬರತೊಡಗಿತು. ಹೆಂಗಸರು ಚಿಪ್ಪು ಆಯ್ದು ಹೊಟ್ಟೆ ಹೊರೆಯುವ ಅಳಿವೆಯೊಳಗೆ ಅದು ನುಗ್ಗದಂತೆ, ಹೊಳೆ ಕಡಲು ಸೇರುವ ಅದರ ಬಾಯಿಗೆ ಅಡ್ಡಲಾಗಿ ರಬ್ಬರಿನ ತೇಲುವ ತಡೆ ಹಾಕಿದೆವು. ಅದರ ತುದಿಯನ್ನು ಗೂಟಕ್ಕೆ ಕಟ್ಟಿದವನು ಫಕೀರಪ್ಪ. ಮೇಸ್ತ್ರಿ ಹೇಳಿದಂತೆ ಹಗ್ಗ ಸಡಿಲು ಬಿಟ್ಟಿದ್ದ.

ನನಗೋ ನೋಡಿ ಮೈ ಉರಿಯಿತು. ನಾನು ಮೇವಿನ ಬಂಡಿಗೆ ಹಗ್ಗ ಜಗ್ಗಿ ಬೆಳೆದವ. ಸಡಿಲು ಹಗ್ಗವೆಂದರೆ ಮೈಗಳ್ಳರ ಕೆಲಸ! ಅವನು ಊಟಕ್ಕೆ ಹೋದಾಗ ಗೂಟಕ್ಕೆ ಕಾಲು ಕೊಟ್ಟು ಬಿಗಿದು ಕಟ್ಟಿದೆ. ಭಾರೀ ಶಾಣ್ಯಾ ನಾನು — ಕೆರೆ ನೀರು ಕಂಡವನಿಗೆ ಸಮುದ್ರದ ಉಬ್ಬರ ಏನು ಗೊತ್ತು? ನೀರು ಏರಿತು. ಹಗ್ಗ ಬಿಗಿದಿದ್ದರಿಂದ ತಡೆ ನೀರಿನೊಂದಿಗೆ ಏಳಲಾಗದೆ ಮುಳುಗಿತು. ಎಣ್ಣೆ ಅದರ ಮೇಲೆ ಹಾದು ಅಳಿವೆ ಹೊಕ್ಕಿತು.

"ಈ ತುದಿ ಕಟ್ಟಿದ್ದು ಯಾರು?" ಮೇಸ್ತ್ರಿ ಕೇಳಿದ.

"ನಾ ಕಟ್ಟೇನ್ರಿ," ಅಂದ ಫಕೀರಪ್ಪ.

ನಾನು... ನೆಲ ನೋಡುತ್ತಿದ್ದೆ. ಅಂದೇ ಅವನನ್ನು ಕೆಲಸದಿಂದ ತೆಗೆದರು.

ಆ ಹೆಂಗಸರ ಅನ್ನಕ್ಕೆ ಕಲ್ಲು ಹಾಕಿದವ ತಾನೇ ಎಂದು ನಂಬಿ ಅವನು ಊರಲ್ಲಿ ಬದುಕಿದ. ಮೊನ್ನೆ ಅವನ ಮನೆಗೆ ಹೋದಾಗ ಅಂಗಳದಲ್ಲಿ ಎಮ್ಮೆ ಕಟ್ಟುತ್ತಿದ್ದ. ಗಂಟು ಹಾಕಿ ಹೆಂಡತಿಗೆ ತೋರಿಸಿದ: "ಸರಿ ಐತೇನ, ನೀ ಒಮ್ಮೆ ನೋಡು." ಅಯ್ಯೋ, ಎಮ್ಮೆ ಕಟ್ಟುವ ಗಂಟಿಗೂ! ಅವಳು ನೋಡಿ ಒಳಗೆ ಹೋದಳು. ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

ಎಮ್ಮೆಯ ಹಗ್ಗ ಬಿಟ್ಟು ನನ್ನತ್ತ ಬಂದ.

"ಹಂಗಾದ್ರ... ನಾ ಸರಿಯಾಗೇ ಕಟ್ಟಿದ್ನಲ್ಲೋ!"

ಅವನ ಮುಖ ಅರಳಿತು. ಆಮೇಲೆ ಬೈದ — ಹೊಟ್ಟೆತುಂಬ ಬೈದ. ಬೈಸಿಕೊಂಡೆ, ಅಷ್ಟೂ ನನ್ನ ಪಾಲಿನದೇ. ಆ ಹೆಂಗಸರ ಮುಂದೆಯೂ ಹೋಗಿ ನಿಲ್ಲಬೇಕು, ನಿಲ್ಲುತ್ತೇನೆ.

ಬೈದು ದಣಿದವನು ಒಳಗೆ ಮುಖ ಮಾಡಿ ಕೂಗಿದ, "ಏ, ಹೊರಗ ಬಾ ಇಲ್ಲೆ!" ಹೆಂಡತಿ ಬಂದು ನಿಂತಳು.

"ಲೇ, ಇನ್ನೊಮ್ಮೆ ಹೇಳು," ಅಂದ ನನಗೆ. "ಇಕಿ ಮುಂದ."

ಹೇಳಿದೆ.