ಡಬ್ಬಿ ತೆಗೆದ ಮೇಲೆ ಎಳೆಯದ ಗಾಡಿ

ನನಗೆ ವಾಹನ ನಡೆಸಲು ಬಾರದು. ಈ ಮಾತನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಮುಂದೆ ನಾನು ಡೀಸೆಲ್ ಎಂಜಿನ್ನಿನ ವಿಷಯವನ್ನು ಪ್ರಸ್ತಾಪಿಸುವ ಧಾಟಿಯನ್ನು ಕಂಡು ನೀವು ಬೇರೇನಾದರೂ ಭಾವಿಸುವ ಅಪಾಯವಿದೆ. ಸೈಕಲ್ಲಿನಿಂದ ಆಚೆಗೆ ನನ್ನ ಸಾರಥ್ಯ ಎಂದೂ ಹೋದದ್ದಿಲ್ಲ. ಆದರೂ ಒಂದು ಸರಕು ಗಾಡಿ ಇದ್ದಕ್ಕಿದ್ದಂತೆ ಶಕ್ತಿಗುಂದಿದಾಗ ಅದರ ಕಾರಣವನ್ನು ಶೋಧಿಸುವ ಹೊಣೆ ಪೂರ್ತಿ ಒಂದು ವಾರ ನನ್ನ ಮೇಲೆ ಬಿದ್ದಿತ್ತು. ಅದಕ್ಕೆ ಕಾರಣ ನನ್ನ ಬಿ.ಎಸ್ಸಿ. ಪದವಿ.

ಮನೆತನದಲ್ಲಿ ಮೊದಲ ಬಾರಿಗೆ ಪದವಿ ಪಡೆದವನ ಕಷ್ಟ ಅದನ್ನು ಅನುಭವಿಸಿದವರಿಗೇ ತಿಳಿದೀತು. ಪದವಿ ಎಂಬುದು ಎಲ್ಲಿ ಮುಗಿಯುತ್ತದೆ ಎಂಬ ಅಂದಾಜು ಮನೆಯಲ್ಲಿ ಯಾರಿಗೂ ಇರುವುದಿಲ್ಲ. ಎಮ್ಮೆಯ ಔಷಧಿಯ ಸೀಸೆಯ ಮೇಲೆ ಏನು ಬರೆದಿದೆ, ಕೊಳವೆ ಬಾವಿಯ ಮೋಟಾರು ಏಕೆ ಗುಂಯ್‌ಗುಡುತ್ತದೆ, ಪಹಣಿಯಲ್ಲಿ ತಾತನ ಹೆಸರು ಏಕೆ ತಪ್ಪಾಗಿದೆ, ಇವೆಲ್ಲಕ್ಕೂ ಒಂದೇ ಉತ್ತರ: ‘ಅವ್ನು ಓದವ್ನೆ, ಕೇಳಿ.’ ನಾನು ಓದಿದ್ದು ಸಸ್ಯಶಾಸ್ತ್ರ. ಪಿರಿಯಾಪಟ್ಟಣದ ಪ್ರೌಢಶಾಲೆಯೊಂದರಲ್ಲಿ ಎಲೆಯ ಅಡ್ಡಸೀಳಿಕೆಯನ್ನು ಕಪ್ಪು ಹಲಗೆಯ ಮೇಲೆ ಬರೆದು ತೋರಿಸುವುದು ನನ್ನ ವೃತ್ತಿ. ಗೊತ್ತಿಲ್ಲ ಎಂದು ಹೇಳಿದರೆ ನನ್ನನ್ನು ಓದಿಸಲು ಮನೆಯವರು ಪಟ್ಟ ಪಾಡೆಲ್ಲ ವ್ಯರ್ಥವಾಯಿತೆಂದು ಅವರು ನೊಂದುಕೊಂಡಾರು ಎಂಬ ಭಯದಿಂದ, ನಾನು ಪ್ರತಿ ಸಲವೂ ಕನ್ನಡಕವನ್ನು ಸರಿಪಡಿಸಿಕೊಂಡು, ‘ನೋಡೋಣ’ ಎನ್ನುತ್ತಿದ್ದೆ.

ಗಾಡಿ ನಮ್ಮ ಅಕ್ಕನ ಗಂಡ, ಭಾವ ಮಾದೇವಣ್ಣನವರದು. ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ, ಹೆದ್ದಾರಿಯಿಂದ ಒಳಗೆ ಇರುವ ಊರು ಅವರದು, ಹೊಗೆಸೊಪ್ಪಿನ ಬೇಸಾಯ. ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷಗಳಾಗಿದ್ದ ಆ ಕಾಲದಲ್ಲಿ, ಎಂಜಿನ್ನಿಗೊಂದು ಕಂಪ್ಯೂಟರ್ ಇರುವ ಹೊಸ ಬಗೆಯ ಪಿಕಪ್ ಗಾಡಿಯನ್ನು ಅವರು ಕೊಂಡಿದ್ದರು. ಹರಾಜು ಮಾರುಕಟ್ಟೆಗೆ ಊರಿನ ಸರದಿ ಬಂದ ದಿನ ತಮ್ಮ ಮನೆಯದೂ ಸೇರಿ ನಾಲ್ಕು ಮನೆಗಳ ಸೊಪ್ಪಿನ ಬೇಲುಗಳನ್ನು, ಎಂದರೆ ಗೋಣಿ ಸುತ್ತಿ ಬಿಗಿದ ಮೂಟೆಗಳನ್ನು, ಹೇರಿಕೊಂಡು ಹೋಗುವುದು ಭಾವನವರೇ. ಅದು ಅವರಿಗೆ ಬಾಡಿಗೆಗಿಂತ ಹೆಚ್ಚಿನ ವಿಷಯವಾಗಿತ್ತು. ಒಂದು ವರ್ಷದ ಬೆಳೆಯನ್ನು ನಾಲ್ಕು ಮನೆಯವರು ನಂಬಿ ಹೇರುವ ಗಾಡಿ ಎಂಬ ಹೆಮ್ಮೆ ಅದು.

ಡಬ್ಬಿಯ ಕಥೆ ಶುರುವಾದದ್ದು ಎಚ್.ಡಿ. ಕೋಟೆಯ ಕಡೆ. ಅಲ್ಲಿ ಗುತ್ತಿಗೆಗೆ ಹೊಲ ಹಿಡಿದು ಶುಂಠಿ ಬೆಳೆಯುವ ಕೇರಳದವರ ಮಾಲನ್ನು ಸಾಗಿಸಲು ಭಾವ ಹೋಗಿದ್ದಾಗ, ಮಾನಂದವಾಡಿಯ ಚಾಲಕನೊಬ್ಬ ತನ್ನ ಗಾಡಿಯಲ್ಲಿದ್ದ ಒಂದು ಉಪಕರಣವನ್ನು ತೋರಿಸಿದನಂತೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕರಿಯ ಡಬ್ಬಿ. ಎರಡು ವೈರು, ಒಂದು ಹಸಿರು ದೀಪ. ಮುಂದಿನ ವಾರವೇ ಭಾವನವರ ಗಾಡಿಯಲ್ಲೂ ಅಂಥದೇ ಒಂದು ಕುಳಿತಿತು.

‘ಇದು ಗಾಡಿ ಅಲ್ಲ ಮೇಷ್ಟ್ರೇ. ಈಗ ಆನೆ ಕಣ್ರೀ ಇದು’ ಎಂದು ಭಾವ ಬಾನೆಟ್ಟನ್ನು ತಟ್ಟಿದ್ದರು.

ಆನೆಯೇ ಸರಿ. ಆನೆ ಎಂದ ಮೇಲೆ ಅಲಂಕಾರ ಬೇಡವೇ? ದಪ್ಪ ಟೈರುಗಳು ಬಂದವು. ಹಿಂದಿನ ಚಕ್ರಗಳ ಮೇಲೆ ಭಾರ ತಾಳುವ ಸ್ಪ್ರಿಂಗಿಗೆ ಇನ್ನೊಂದೊಂದು ಪಟ್ಟಾ ಸೇರಿತು. ಸುತ್ತಲಿನ ಹಲಗೆಯನ್ನು ಕಬ್ಬಿಣ ಕೊಟ್ಟು ಎತ್ತರಿಸಲಾಯಿತು. ಕ್ಯಾಬಿನ್ನಿನ ತಲೆಯ ಮೇಲೊಂದು ಕ್ಯಾರಿಯರ್, ಮುಂದೆ ಗೇಟಿನಂಥ ಬಂಪರ್. ನಾಲ್ಕು ಮನೆಯ ಹದಿನಾರು ಬೇಲುಗಳೂ, ಅವುಗಳ ನಾಲ್ವರು ಯಜಮಾನರೂ ಒಂದೇ ಸಲಕ್ಕೆ ಹೊರಡುವಂತಾಯಿತು. ನಮ್ಮ ಕಡೆ ಮಾಲನ್ನು ಒಂಟಿಯಾಗಿ ಕಳಿಸುವ ಪದ್ಧತಿಯಿಲ್ಲ. ಮದುವೆಯಾದ ಮಗಳನ್ನು ಗಂಡನ ಮನೆಗೆ ಬಿಟ್ಟುಬರುವಂತೆ ಬೇಲಿನ ಜೊತೆಗೆ ಮನೆಯ ಯಜಮಾನ ಹೋಗಲೇಬೇಕು. ಒಂದು ಮನೆಯ ಮಾಲನ್ನು ಒಡೆದು ಎರಡು ಸಲ ಕಳಿಸುವಂತೆಯೂ ಇಲ್ಲ.

ಡಬ್ಬಿಗೆ ವಿಘ್ನ ಬಂದದ್ದು ನನ್ನಿಂದ. ಗಾಡಿ ಬರುಬರುತ್ತ ಸೊಪ್ಪು ಬೇಯಿಸುವ ಬ್ಯಾರನ್ನಿನಂತೆ ಕರಿಹೊಗೆ ಬಿಡತೊಡಗಿತ್ತು. ಎರಡು ಸಲ ರೇಡಿಯೇಟರ್ ಕುದಿದು ನೀರು ಹೊರಗೆ ಬಂದಿತ್ತು. ಗಾಡಿಯ ಜೊತೆ ಬಂದಿದ್ದ ಇಂಗ್ಲಿಷ್ ಕೈಪಿಡಿಯನ್ನು ಅಕ್ಕ ನನ್ನ ಕೈಗಿತ್ತಳು. ನಾನು ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಎರಡು ಭಾನುವಾರ ಅದನ್ನು ಅಧ್ಯಯನ ಮಾಡಿದೆ. ಅಶ್ವಶಕ್ತಿ ಎಂಬ ಅಳತೆಯ ಬಳಿ ಸ್ವಲ್ಪ ಹೊತ್ತು ನಿಂತೆ. ನಮ್ಮ ತಾಲ್ಲೂಕಿನಲ್ಲಿ ಕುದುರೆ ಕಟ್ಟಿ ಉತ್ತವರನ್ನು ನಾನು ಕಂಡಿಲ್ಲ. ಹಳ್ಳಿಕಾರ್ ಎತ್ತುಗಳ ಲೆಕ್ಕದಲ್ಲಿ ಬರೆದಿದ್ದರೆ ಗಾಡಿಯ ಯೋಗ್ಯತೆ ಊರಿಗೆಲ್ಲ ಮೊದಲ ದಿನವೇ ತಿಳಿದುಹೋಗುತ್ತಿತ್ತು. ಅದಿರಲಿ. ಎಂಜಿನ್ನಿನ ವೈರುಗಳಿಗೆ ಹೊರಗಿನ ಯಾವ ಉಪಕರಣವನ್ನೂ ಸೇರಿಸಬಾರದೆಂದು ಕೈಪಿಡಿಯಲ್ಲಿ ಸ್ಪಷ್ಟವಾಗಿತ್ತು. ಡಬ್ಬಿಯ ಗುಟ್ಟೂ ಅಷ್ಟಿಷ್ಟು ಅರ್ಥವಾಯಿತು. ಡೀಸೆಲ್ಲಿನ ಒತ್ತಡ ಎಷ್ಟಿದೆಯೆಂದು ಎಂಜಿನ್ನಿನ ಕಂಪ್ಯೂಟರ್ ಕೇಳುತ್ತದೆ. ನಡುವೆ ಕುಳಿತ ಡಬ್ಬಿ, ಇರುವುದಕ್ಕಿಂತ ಕಡಿಮೆ ಇದೆಯೆಂದು ಸುಳ್ಳು ಹೇಳುತ್ತದೆ. ಕಂಪ್ಯೂಟರ್ ಅದನ್ನು ನಂಬಿ ಇನ್ನಷ್ಟು ಡೀಸೆಲ್ ಕಳಿಸುತ್ತದೆ. ಹೊಟ್ಟೆ ತುಂಬಿದವರ ಎಲೆಗೆ ‘ಇವರಿಗೆ ಅನ್ನ ಸಾಲದು’ ಎಂದು ಪಕ್ಕದವರು ಕೂಗಿ ಬಡಿಸಿದ ಹಾಗೆ. ‘ಭಾವ, ಇದನ್ನು ತೆಗೆದುಬಿಡುವುದು ಒಳ್ಳೆಯದು’ ಎಂದು ನಾನು ಅಭಿಪ್ರಾಯಪಟ್ಟೆ. ಭಾವ ಮರುಮಾತಾಡದೆ ತೆಗೆದರು. ಓದಿದವನ ಮಾತು.

ಮರುವಾರ ಊರಿನ ಸರದಿ. ಹದಿನಾರು ಬೇಲು, ನಾಲ್ಕು ಜನ. ಕೆರೆಯ ಏರಿಗೆ ಹತ್ತುವ ರಸ್ತೆಯ ಅರ್ಧದಲ್ಲಿ ಗಾಡಿ ನಿಂತುಬಿಟ್ಟಿತು. ಬಟ್ಟೆ ಒಗೆಯುವವರು, ದನ ಮೇಯಿಸುವವರು, ಸುಮ್ಮನೆ ಕುಳಿತವರು, ಎಲ್ಲರೂ ನೋಡಿದರು.

‘ಇಳೀರಪ್ಪ, ಇಳೀರಿ. ಆನೆ ಮನೀಕತು’ ಎಂದು ಬೇಲಿನ ಮೇಲಿಂದ ಜವರಣ್ಣ ಹೇಳಿದರು. ಇವರು ಪಕ್ಕದ ಮನೆಯವರು, ನಾಲ್ವರಲ್ಲಿ ಹಿರಿಯರು. ಏರಿಯ ಮೇಲಿಂದ ಯಾರೋ, ‘ಮಾದೇವಣ್ಣ, ಎತ್ತು ಬೇಕಾದ್ರೆ ಕಳಿಸ್ಲಾ?’ ಎಂದು ಕೇಳಿದರು. ಭಾವನವರನ್ನು ಬಿಟ್ಟು ಉಳಿದ ಮೂವರೂ ತಳ್ಳಿ ಗಾಡಿಯನ್ನು ಮೇಲಕ್ಕೇರಿಸಿದರು. ಮಾರುಕಟ್ಟೆಯಿಂದ ಮರಳಿದ ಮೇಲೆ ಜವರಣ್ಣ ಮೆತ್ತಗೆ ಹೇಳಿದರಂತೆ: ‘ಮುಂದಿನ್ ಸರದಿ ಒಳಗೆ ಸರಿ ಮಾಡ್ಸು ಮಾದೇವ. ಆಗ್ನಿಲ್ಲ ಅಂದ್ರೆ ಮೇಲ್ಕೇರಿ ಟ್ರಾಕ್ಟ್ರುಗೆ ಯೇಳ್ತೀವಿ. ಬೇಜಾರ್ ಮಾಡ್ಕಬ್ಯಾಡ.’

ಮೆತ್ತಗೆ ಹೇಳಿದ್ದರಿಂದಲೇ ಭಾವನವರಿಗೆ ಹೆಚ್ಚು ತಾಗಿತ್ತು. ಸಂಜೆಗೆ ಪಿರಿಯಾಪಟ್ಟಣದ ನನ್ನ ಕೋಣೆಗೆ ಬಂದು ಕುಳಿತರು. ಬೈಯಲಿಲ್ಲ. ‘ಡಬ್ಬಿ ಇದ್ದಾಗ ಎಳೀತಿತ್ತು. ತಗೀರಿ ಅಂದೋರು ನೀವು. ಈಗ ನೀವೇ ಯೇಳಿ’ ಎಂದರು.

‘ನೋಡೋಣ’ ಎಂದೆ.

ಮುಂದಿನ ವಾರ ಶಾಲೆ ಮುಗಿದೊಡನೆ ನಾನು ಬಸ್ಸು ಹಿಡಿದು ಅಕ್ಕನ ಊರಿಗೆ ಹೋಗುತ್ತಿದ್ದೆ. ಮೊದಲ ದಿನ ಗಾಳಿ ಸೋಸುವ ಫಿಲ್ಟರನ್ನು ಬಿಚ್ಚಿ ಕೊಡವಿದೆವು. ಸೀನು ಬಂದಿತೇ ಹೊರತು ಶಕ್ತಿ ಬರಲಿಲ್ಲ. ಎರಡನೆಯ ದಿನ ಡೀಸೆಲ್ ಫಿಲ್ಟರಿನಲ್ಲಿ ನಿಂತ ನೀರನ್ನು ಹೊರಬಿಟ್ಟೆವು. ಮೂರನೆಯ ದಿನ ಕೈಪಿಡಿಯ ಚಿತ್ರದೊಡನೆ ಹೋಲಿಸಿ ನೋಡುತ್ತಿದ್ದಾಗ, ಡಬ್ಬಿ ಇದ್ದ ಜಾಗದ ಪ್ಲಗ್ಗು ಪೂರ್ತಿ ಕೂರದೆ ಒಂದು ಎಳೆಯಷ್ಟು ಹೊರಗಿರುವುದು ಕಾಣಿಸಿತು. ಒತ್ತಿದೆ. ‘ಟಕ್’ ಎಂದಿತು. ಆಗಾಗ ಮಿನುಗುತ್ತಿದ್ದ ಹಳದಿ ದೀಪ ಆರಿತು. ಆ ‘ಟಕ್’ ಶಬ್ದದಲ್ಲಿ ನನಗಾದ ಆನಂದ ಪದವಿ ಪ್ರದಾನದ ದಿನವೂ ಆಗಿರಲಿಲ್ಲ. ಅಕ್ಕ ಕಾಫಿ ತಂದಳು. ಭಾವ ಊರಿನ ಅರ್ಧ ಮಂದಿಯನ್ನು ಕೂರಿಸಿಕೊಂಡು, ಹುಲ್ಲು ಹೇರಿ, ಕೆರೆ ಏರಿಗೆ ಗಾಡಿ ಹೊಡೆದರು. ಮೊದಲಿಗಿಂತ ವಾಸಿ, ಆದರೆ ಕೊನೆಯ ಮಾರಿನಲ್ಲಿ ಎಂಜಿನ್ನು ಮತ್ತೆ ನರಳಿತು. ಕಾಫಿ ತಣ್ಣಗಾಗಿತ್ತು.

ಸರದಿಗೆ ಇನ್ನೆರಡೇ ದಿನ ಉಳಿದಿದ್ದವು. ಭಾವ, ಅಕ್ಕ, ನಾನು ಮೂವರೂ ಹುಣಸೂರಿಗೆ ಗಾಡಿ ಒಯ್ದೆವು. ಅಕ್ಕ ಬಂದದ್ದು ಸಂತೆಗೆ. ಗ್ಯಾರೇಜಿಗೆ ಬಂದದ್ದು ನಮ್ಮ ಮೇಲಿನ ಅಪನಂಬಿಕೆಯಿಂದ. ಅಲ್ಲಿನ ಗೌಸ್ ಸಾಹೇಬರು ಕೈಯೊರೆಸಿಕೊಳ್ಳುತ್ತ ಬಂದರು. ನಾನು ಹಿಂದಿನ ರಾತ್ರಿ ಶುದ್ಧಪ್ರತಿ ಮಾಡಿದ್ದ ಒಂದು ಪುಟವನ್ನು ಓದಿದೆ: ‘ಸದರಿ ವಾಹನದ ಕಾರ್ಯಕ್ಷಮತೆಯು ಉಪಕರಣವನ್ನು ತೆಗೆದ ತರುವಾಯ ಗಣನೀಯವಾಗಿ ಕುಂಠಿತಗೊಂಡಿದ್ದು...’ ಅವರು ಪೂರ್ತಿ ಕೇಳಿ, ಭಾವನವರ ಕಡೆ ತಿರುಗಿದರು.

‘ಎಳೀತಿಲ್ಲ’ ಎಂದರು ಭಾವ.

ಸಾಹೇಬರು ಎಂಜಿನ್ ಚಾಲೂ ಮಾಡಿಸಿ ಕಿವಿಗೊಟ್ಟು ಕೇಳಿದರು. ಹೊಗೆಗೆ ಅಂಗೈ ಹಿಡಿದು ನೋಡಿದರು. ಖಾಲಿ ಗಾಡಿಯನ್ನು ಸೇತುವೆಯವರೆಗೆ ಓಡಿಸಿಕೊಂಡು ಬಂದರು. ಬಳಿಕ ಅದರ ಸುತ್ತ, ಹೆಣ್ಣು ನೋಡಲು ಬಂದವರಂತೆ ಒಂದು ಪ್ರದಕ್ಷಿಣೆ ಹಾಕಿದರು.

‘ಎಂಜಿನ್ ಏಕ್‌ದಂ ಸರಿಯಾಗೈತೆ. ಕಂಪ್ನಿಯೋರು ಕೊಟ್ಟಂಗೇ ಐತೆ’ ಎಂದರು. ‘ಡಬ್ಬಿ ಆಕೋಕ್ ಮುಂಚೆ ಎಷ್ಟ್ ಬೇಲು ಓಗ್ತಿತ್ತು ಯೇಳಿ?’

ಭಾವ ನನ್ನನ್ನು ನೋಡಿದರು. ನಾನು ಕೈಪಿಡಿಯನ್ನು ನೋಡಿದೆ. ಒಂದು ವಾರದಿಂದ ನಾವು ಗಾಡಿಯ ಹೊಟ್ಟೆಯನ್ನೆಲ್ಲ ಬಗೆದಿದ್ದೆವು. ಈ ಒಂದು ಪ್ರಶ್ನೆಯನ್ನು ಇಬ್ಬರೂ ಕೇಳಿಕೊಂಡಿರಲಿಲ್ಲ. ಉತ್ತರ ಹೇಳಿದವಳು ಅಕ್ಕ.

‘ಎಂಟು. ನಮ್ದೂ ಜವರಣ್ಣಂದೂ. ವಾಪಸ್ ಬಂದು ಆಮೇಲೆ ಆ ಎರಡು ಮನೇದು. ಆ ವರ್ಸ ಎರಡೆರಡು ಸಲ ಬುತ್ತಿ ಕಟ್ಟಿವ್ನಿ, ನಂಗೆ ಗೊತ್ತಿಲ್ವಾ?’

‘ಮತ್ತೆ?’ ಎಂದರು ಸಾಹೇಬರು. ಟೈರನ್ನು ಕಾಲಿನಿಂದ ಮುಟ್ಟಿ ತೋರಿಸಿದರು. ‘ಈ ಚಕ್ರ ತಿರುಗ್ಸೋಕೇ ಅರ್ಧ ಜೀವ ಓಗುತ್ತೆ. ಮೇಲೆ ಇಷ್ಟು ಕಬ್ಣ. ಆನೆ ಓಯ್ತು, ಅಂಬಾರಿ ಮಾತ್ರ ಅಂಗೇ ಇಟ್ಟಿದೀರಿ.’

ಕೆಟ್ಟಿದ್ದು ಗಾಡಿಯಲ್ಲ, ಅದರ ನಿಜವಾದ ಶಕ್ತಿ ಎಷ್ಟೆಂಬ ನಮ್ಮ ನೆನಪು. ಕಂಪನಿ ಕೊಟ್ಟ ಸಾಮರ್ಥ್ಯಕ್ಕೆ ಗಾಡಿ ಪ್ರಾಮಾಣಿಕವಾಗಿ ಮರಳಿತ್ತು, ನಾವು ಮರಳಿರಲಿಲ್ಲ. ಆ ದಿನವೇ ಹಳೆಯ ಟೈರುಗಳು ಅಟ್ಟದಿಂದ ಇಳಿದವು. ಕ್ಯಾರಿಯರ್, ಬಂಪರ್, ಹೆಚ್ಚಿನ ಹಲಗೆ ಹಿತ್ತಿಲು ಸೇರಿದವು. ಆ ಬಂಪರಿಗೆ ಈಗ ಹೀರೆಬಳ್ಳಿ ಹಬ್ಬಿದೆ.

ಆದರೆ ನಿಜವಾದ ತೊಡಕು ಇನ್ನೂ ಉಳಿದಿತ್ತು. ಎಂಟು ಬೇಲಿನಂತೆ ಎರಡು ಸಲ ಹೋಗುವುದಾದರೆ ಮೊದಲು ಯಾರು? ಬೆಳಗ್ಗೆ ವ್ಯಾಪಾರಿಗಳು ಉತ್ಸಾಹದಲ್ಲಿರುತ್ತಾರೆ, ಹೊತ್ತೇರಿದಂತೆ ಕೈ ಬಿಗಿ ಮಾಡುತ್ತಾರೆ ಎಂಬುದು ಊರಿನ ನಂಬಿಕೆ. ಡಬ್ಬಿಯ ಅಸಲಿ ಉಪಕಾರ ಆಗ ನನಗೆ ಹೊಳೆಯಿತು. ಅದು ಬೇಲು ಎಳೆದದ್ದು ಹಾಗಿರಲಿ, ಈ ಪ್ರಶ್ನೆ ಏಳದಂತೆ ಇಷ್ಟು ಕಾಲ ತಡೆದು ಹಿಡಿದಿತ್ತು.

ಸರದಿಯ ಹಿಂದಿನ ದಿನ ನಾಲ್ಕು ಮನೆಯವರೂ ಭಾವನವರ ಜಗಲಿಯಲ್ಲಿ ಸೇರಿದರು. ನಾನು ಎದ್ದು ನಿಂತೆ. ಹೇಳಬೇಕಾದದ್ದನ್ನು ಬರೆದುಕೊಂಡಿದ್ದ ಚೀಟಿ ಜೇಬಿನಲ್ಲಿತ್ತು, ತೆಗೆಯಲು ಧೈರ್ಯ ಬರಲಿಲ್ಲ. ‘ಡಬ್ಬಿ ತೆಗೆಸಿದವನು ನಾನು. ಗಾಡಿಗೆ ಎಂಟೇ ಬೇಲು ಆಗುವುದು. ಎರಡು ಸಲ ಹೋಗಬೇಕು’ ಎಂದೆ. ಭಾವ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದರು. ಮೇಲ್ಕೇರಿಯ ಟ್ರಾಕ್ಟರಿನ ಶಬ್ದ ನನಗಂತೂ ಕೇಳಿಸತೊಡಗಿತ್ತು.

ಜವರಣ್ಣ ಎಲೆಅಡಿಕೆ ಉಗಿದು ಬಂದರು. ‘ನಂದು ಎರಡ್ನೇ ಸಲಕ್ಕೇ ಇರ್ಲಿ ಬುಡಿ. ಓದ್ಸಲ ತಳ್ಳಿ ಸೊಂಟ ಇಡ್ಕಂಡದೆ; ಬೆಳಿಗ್ಗೆ ಬೆಳಿಗ್ಗೆ ಏಳಕ್ಕಾಗಲ್ಲ.’

‘ಅಂಗಾದ್ರೆ ನಮ್ದೂ ಜವರಣ್ಣನ್ ಜತೇಲೆ’ ಎಂದಳು ಅಕ್ಕ ಬಾಗಿಲಿನಿಂದ. ಗಾಡಿಯ ಮನೆಯವರೇ ಹಿಂದಕ್ಕೆ ನಿಂತ ಮೇಲೆ ಉಳಿದಿಬ್ಬರೂ ತಲೆಯಾಡಿಸಿದರು. ಮುಂದಿನ ಸರದಿಗೆ ಅದಲುಬದಲು ಎಂದಾಯಿತು.

ಮರುದಿನ ನಾನು ಅರ್ಧ ದಿನದ ರಜೆ ಹಾಕಿ ಮೊದಲ ಸಲದ ಬೇಲುಗಳೊಡನೆ ಕ್ಯಾಬಿನ್ನಿನಲ್ಲಿ ಕುಳಿತೆ. ಕೆರೆಯ ಏರಿ ಬಂದಿತು. ಭಾವ ಎರಡನೆಯ ಗಿಯರಿಗೆ ಇಳಿಸಿದರು. ನಾನು ಉಸಿರು ಬಿಗಿಹಿಡಿದೆ. ಅದರಿಂದ ಭಾರ ಕಡಿಮೆಯಾಗುವುದಿಲ್ಲವೆಂದು ವಿಜ್ಞಾನದ ಮೇಷ್ಟ್ರಾದ ನನಗೆ ಗೊತ್ತಿತ್ತು. ಗಾಡಿ ನಿಧಾನವಾಗಿ, ಒಂದೇ ಸಮನೆ, ಹೊಗೆಯಿಲ್ಲದೆ ಏರಿತು. ಬಟ್ಟೆ ಒಗೆಯುತ್ತಿದ್ದವರು ಒಬ್ಬರೂ ತಲೆಯೆತ್ತಲಿಲ್ಲ. ಸರಿಯಾಗಿ ನಡೆಯುವ ಗಾಡಿಯನ್ನು ಯಾರೂ ನೋಡುವುದಿಲ್ಲ ಎಂಬುದು ಅಷ್ಟು ಸಂತೋಷ ಕೊಡುವ ಸಂಗತಿಯೆಂದು ನಾನು ಎಣಿಸಿರಲಿಲ್ಲ.

ಮಾರುಕಟ್ಟೆಯ ಅಂಗಳದಲ್ಲಿ ಮಾತ್ರ ಮೂವರು ಚಾಲಕರು ಬಂದು ಸುತ್ತುವರಿದರು. ಅವರ ಗಾಡಿಗಳಲ್ಲೂ ಡಬ್ಬಿಗಳಿದ್ದವು.

‘ಒಗೇನೇ ಇಲ್ವಲ್ಲ ಮಾದೇವಣ್ಣ. ಏನ್ ಆಕ್ಸಿದ್ದೀಯಾ?’

ಭಾವ ಗಂಭೀರವಾಗಿ ಬಾನೆಟ್ ಎತ್ತಿ, ಡಬ್ಬಿ ಇದ್ದ ಜಾಗವನ್ನು ಬೆರಳಿನಿಂದ ತೋರಿಸಿದರು. ಮೂವರೂ ಬಗ್ಗಿ, ಅಲ್ಲಿದ್ದ ಏನೂ ಇಲ್ಲದಿರುವಿಕೆಯನ್ನು ಬಹಳ ಹೊತ್ತು ಗೌರವದಿಂದ ಪರಿಶೀಲಿಸಿದರು.

‘ನಮ್ ಗಾಡೀಗೂ ಇಂಗೇ ಮಾಡ್ಸ್‌ಬೌದಾ?’ ಎಂದ ಒಬ್ಬ.

‘ಮೇಷ್ಟ್ರನ್ನ ಕೇಳಿ. ಅವ್ರೇ ಮಾಡಿದ್ದು’ ಎಂದರು ಭಾವ.

ನಾನು ಕನ್ನಡಕವನ್ನು ಮುಟ್ಟಲಿಲ್ಲ. ಮಾಡಿಸಬಹುದು, ಹತ್ತು ನಿಮಿಷದ ಕೆಲಸ, ಆದರೆ ಮೊದಲು ಮನೆಗೆ ಹೋಗಿ, ಡಬ್ಬಿ ಹಾಕುವ ಮುಂಚೆ ಎಷ್ಟು ಬೇಲು ಹೋಗುತ್ತಿತ್ತೆಂದು ಹೆಂಡತಿಯನ್ನು ಒಂದು ಮಾತು ಕೇಳಿಕೊಂಡು ಬನ್ನಿ ಎಂದೆ.